ಕಬ್ಬಿನ ತಳಿ ಪರೀಕ್ಷೆಯಲ್ಲಿ ಎಫ್ ಕೋಷ್ಟಕದ ಉಪಯೋಗ



ಹುಕ್ಕೇರಿ ತಾಲ್ಲೂಕಿನ ನಿಡಸೋಸಿ, ಸಂಕೇಶ್ವರಗಳ ಸುತ್ತಮುತ್ತ ಕಬ್ಬು ಮುಖ್ಯ ಬೆಳೆ. ನೆರೆಯ ಹೊಲದಲ್ಲಿ ಹೊಸ ತಳಿಯೊಂದು ಎಕರೆಗೆ ಮೂರು ಟನ್ ಹೆಚ್ಚು ತೂಗಿತೆಂದು ಸುದ್ದಿಯಾದರೆ ಸಾಕು, ಮರುವರ್ಷ ಅದರ ಬೀಜಕ್ಕೆ ಎಲ್ಲಿಲ್ಲದ ಬೇಡಿಕೆ. ಜೋಳದ ಬೀಜ ಕೈಕೊಟ್ಟರೆ ಒಂದು ಹಂಗಾಮು ಹೋದೀತು. ಕಬ್ಬು ಹಾಗಲ್ಲ. ನಾಟಿ ಬೆಳೆಯ ಹಿಂದೆ ಕುಳೆ ಬೆಳೆ ಬರುತ್ತದೆ. ತಪ್ಪು ತಳಿ ಹೊಲ ಹೊಕ್ಕರೆ ಎರಡು ಮೂರು ವರ್ಷ ಬಿಡುವುದಿಲ್ಲ. ಆದುದರಿಂದ ಆ ಮೂರು ಟನ್ ತಳಿಯ ಗುಣವೋ ಭೂಮಿಯ ಗುಣವೋ ಎಂಬುದನ್ನು ಮೊದಲು ತಿಳಿಯಬೇಕು.

ಒಂದೇ ತಳಿಯನ್ನು ಒಂದೇ ದಿನ ನೆಟ್ಟರೂ ಹೊಲದ ಎಲ್ಲ ಕಡೆಗೂ ಇಳುವರಿ ಒಂದೇ ಸಮ ಬರುವುದಿಲ್ಲ. ಒಂದೆಡೆ ಎರೆಮಣ್ಣು ಆಳ, ಇನ್ನೊಂದೆಡೆ ನೀರು ನಿಲ್ಲುವ ತಗ್ಗು, ಮತ್ತೊಂದೆಡೆ ಸವುಳು. ಇದಕ್ಕಾಗಿಯೇ ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರದಂಥ ಕಡೆಗಳಲ್ಲಿ ಪ್ರತಿಯೊಂದು ತಳಿಯನ್ನು ಹಲವು ತಾಕುಗಳಲ್ಲಿ ನೆಡುತ್ತಾರೆ. ಯಾವ ತಾಕಿಗೆ ಯಾವ ತಳಿ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುತ್ತಾರೆ. ಹೀಗೆ ಮತ್ತೆ ಮತ್ತೆ ನೆಡುವುದಕ್ಕೆ ಪುನರಾವರ್ತನೆ ಎನ್ನುವರು.

ಉದಾಹರಣೆಗೆಂದು ಐದು ತಳಿ, ನಾಲ್ಕು ಪುನರಾವರ್ತನೆ, ಒಟ್ಟು 20 ತಾಕು ಎಂದಿಟ್ಟುಕೊಳ್ಳೋಣ. ಇಳುವರಿಯಲ್ಲಿನ ಏರುಪೇರನ್ನು ಲೆಕ್ಕದಿಂದ ಬೇರ್ಪಡಿಸಿದಾಗ ತಳಿಗಳಿಂದ ಬಂದದ್ದು 256, ಕಾರಣ ಹೇಳಲಾಗದೆ ಉಳಿದದ್ದು, ಅಂದರೆ ದೋಷ, 64 ಎಂದು ಬಂದಿತೆನ್ನಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 4. ಇದೇ ಎಫ್ ಬೆಲೆ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೇಂದ್ರಕ್ಕೆ 1919ರಲ್ಲಿ ಸೇರಿದ ಫಿಶರ್ ಈ ವಿಧಾನವನ್ನು ಹೊಲದ ಲೆಕ್ಕಗಳಿಂದಲೇ ರೂಪಿಸಿದರು. ಅಮೆರಿಕೆಯ ಸ್ನೆಡೆಕರ್ 1934ರಲ್ಲಿ ಫಿಶರ್ ಅವರ ಗೌರವಾರ್ಥ ಈ ಅನುಪಾತಕ್ಕೆ ಎಫ್ ಎಂದು ಹೆಸರಿಟ್ಟರು.

ನಾಲ್ಕು ಎಂಬುದು ದೊಡ್ಡದೋ ಸಣ್ಣದೋ? ಅದನ್ನು ಕೋಷ್ಟಕ ಹೇಳುತ್ತದೆ. ಐದು ತಳಿಗಳಿಗೆ ಸ್ವಾತಂತ್ರ್ಯಾಂಶ 4, ದೋಷಕ್ಕೆ 12. ಕೋಷ್ಟಕದಲ್ಲಿ 4ರ ಕಂಬವೂ 12ರ ಸಾಲೂ ಕೂಡುವಲ್ಲಿ, ಶೇಕಡಾ 5ರ ಮಟ್ಟದಲ್ಲಿ, 3.26 ಎಂದಿದೆ. ತಳಿಗಳೆಲ್ಲ ಸಮವಾಗಿದ್ದರೂ ನೂರರಲ್ಲಿ ಐದು ಸಲ ಮಾತ್ರ ಎಫ್ ಬೆಲೆ ಇದನ್ನು ಆಕಸ್ಮಿಕವಾಗಿ ದಾಟೀತು. ನಮ್ಮ 4 ದಾಟಿದೆ. ತಳಿಗಳಲ್ಲಿ ವ್ಯತ್ಯಾಸ ಉಂಟೆಂದು ಒಪ್ಪಬಹುದು. ಶೇಕಡಾ 1ರ ಮಟ್ಟದ 5.41 ಅನ್ನು ಮಾತ್ರ ದಾಟಿಲ್ಲ. ಇದೇ ಪರೀಕ್ಷೆಯನ್ನು ಎರಡೇ ಪುನರಾವರ್ತನೆಯಲ್ಲಿ ಮಾಡಿದ್ದರೆ ದೋಷದ ಸ್ವಾತಂತ್ರ್ಯಾಂಶ 4ಕ್ಕೆ ಇಳಿದು, ದಾಟಬೇಕಾದ ಬೆಲೆ 6.39ಕ್ಕೆ ಏರುತ್ತಿತ್ತು. ಆಗ ಅದೇ 4 ಸಾಲದು. ತಾಕು ಉಳಿಸಲು ಹೋಗಿ ಉತ್ತರವನ್ನೇ ಕಳೆದುಕೊಂಡಂತಾಗುತ್ತದೆ.

ಯಾವ ತಳಿ ಮೇಲು ಎಂಬುದನ್ನು ಎಫ್ ಹೇಳುವುದಿಲ್ಲ. ಅದಕ್ಕೆ ಇಳುವರಿ ಪಟ್ಟಿಯ ಕೆಳಗೆ ಬರೆಯುವ ಸಿ.ಡಿ. ನೋಡಬೇಕು, ಓದುವವರು ಹೆಚ್ಚಾಗಿ ಬಿಟ್ಟುಬಿಡುವ ಸಾಲೂ ಅದೇ. ಮೇಲಿನ ಲೆಕ್ಕದಲ್ಲಿ ಸಿ.ಡಿ. ಹೆಕ್ಟೇರಿಗೆ 12.3 ಟನ್, ಎಕರೆಗೆ ಸುಮಾರು 5 ಟನ್. ಇಂಥ ಪರೀಕ್ಷೆಯಲ್ಲಿಯೂ ಮೂರು ಟನ್ ಅಂತರಕ್ಕೆ ತಳಿಯೇ ಕಾರಣವೆಂದು ಹೇಳಬರುವುದಿಲ್ಲ.

ಸ್ವಂತ ಹೊಲದಲ್ಲಿ ಹೊಸ ತಳಿಯನ್ನು ಈಗಿರುವ ಕೋ 86032ರೊಡನೆ ಹೋಲಿಸುವವರು ಎರಡನ್ನೂ ಪಕ್ಕಪಕ್ಕದಲ್ಲಿ ಜೋಡಿಯಾಗಿ ನೆಡಬೇಕು. ಮೂರು ಜೋಡಿಯಾದರೆ ಎಫ್ 18.51 ದಾಟಬೇಕು, ಆರು ಜೋಡಿಯಾದರೆ 6.61 ಸಾಕು. ಒಂದೇ ಜೋಡಿಯಿದ್ದರೆ ಕೋಷ್ಟಕ ತೆರೆಯುವ ಪ್ರಶ್ನೆಯೇ ಇಲ್ಲ. ಕಟಾವಿನ ದಿನ ಪ್ರತಿ ತಾಕಿನ ಕಬ್ಬನ್ನು ಬೇರೆಬೇರೆಯಾಗಿ ತೂಗಿ ಬರೆದಿಡಬೇಕು. ಗಾಡಿಯಲ್ಲಿ ಬೆರೆತ ಮೇಲೆ ಲೆಕ್ಕ ಸಿಗದು.