ಸೂರ್ಯನ ಬಿರುಗಾಳಿ, ಮನುಷ್ಯನ ಬಾಂಬು
(ಮುಂಬಯಿಯಲ್ಲಿ ನಮ್ಮ ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಏಳನೇ ಇಯತ್ತೆಗೆ ಶಾಲೆ ಬಿಟ್ಟು ಹೊಟೇಲು ಸೇರಿದ ನಮ್ಮಂಥವರಿಗೆ ಸೂರ್ಯನ ಬಿರುಗಾಳಿಯ ಮಾತೇಕೆಂದು ಕೆಲವರು ನಗಬಹುದು. ನಗಲಿ. ಈ ಮಾತಿಗೆ ದೊಡ್ಡ ಸಾಕ್ಷಿ ದೊರೆತದ್ದು ನಮ್ಮ ಮುಂಬಯಿಯ ಕೊಲಾಬಾದಲ್ಲೇ.

ಸೂರ್ಯನ ಮೈ ಕುದಿಯುವ ಹಂಡೆಯಂತೆ. ಒಮ್ಮೊಮ್ಮೆ ಉಕ್ಕಿ, ವಿದ್ಯುತ್ ತುಂಬಿದ ಬಿಸಿ ಅನಿಲವನ್ನು ಹೊರಗೆಸೆಯುತ್ತದೆ. ಅದು ಬಂದು ಬಡಿದರೆ ಭೂಮಿಯ ಕಾಂತಶಕ್ತಿ ನಡುಗಿ ದಿಕ್ಸೂಚಿಯ ಮುಳ್ಳು ಓಲಾಡುತ್ತದೆ. ಮೈಲುಗಟ್ಟಲೆ ಉದ್ದದ ತಂತಿಗಳಲ್ಲಿ ಯಾರೂ ಹರಿಸದ ಕರೆಂಟು ತಾನಾಗಿ ಹರಿಯುತ್ತದೆ. 1859ರ ಸೆಪ್ಟೆಂಬರ್ 2ರಂದು ಅಮೆರಿಕದ ಬಾಸ್ಟನ್, ಪೋರ್ಟ್‌ಲೆಂಡ್ ತಂತಿ ಕಚೇರಿಯವರು ಬ್ಯಾಟರಿ ಕಳಚಿಟ್ಟು, ಆ ಪುಕ್ಕಟೆ ಕರೆಂಟಿನಲ್ಲೇ ಸುದ್ದಿ ಕಳಿಸಿದರು! ಅದೇ ದಿನ ಕೊಲಾಬಾ ವೀಕ್ಷಣಾಲಯದಲ್ಲಿ ಮುಳ್ಳನ್ನು ಕಣ್ಣಾರೆ ನೋಡಿ ಅಂಕಿಗಳನ್ನು ಕೈಯಾರೆ ಬರೆದಿಟ್ಟರು. 2003ರಲ್ಲಿ ವಿಜ್ಞಾನಿಗಳು ಆ ಅಂಕಿಗಳಿಂದಲೇ ಬಿರುಗಾಳಿಯ ಬಲವನ್ನು ಲೆಕ್ಕ ಹಾಕಿದರು. ಗುಮಾಸ್ತನ ಕೆಲಸವೆಂದು ಹಗುರವಾಗಿ ಆಡುವವರು ಇದನ್ನು ಕೇಳಬೇಕು. ಮುಂದೆ ವಿದ್ಯುತ್ ಟ್ರಾಮು ಬರುವುದೆಂದಾಗ, ಅದು ಮುಳ್ಳನ್ನು ಕೆಡಿಸೀತೆಂದು 1904ರಲ್ಲಿ ಈ ಅಳತೆಯ ಕೆಲಸವನ್ನು ಅಲಿಬಾಗಿಗೆ ಒಯ್ದರು.

1989ರ ಮಾರ್ಚ್ 13ರಂದು ಇಂಥದೇ ಬಿರುಗಾಳಿಗೆ ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 60 ಲಕ್ಷ ಜನ ಒಂಬತ್ತು ತಾಸು ಕರೆಂಟಿಲ್ಲದೆ ಕುಳಿತರು.

ಸೂರ್ಯನಿಗೆ ಬೇಡಿಕೆ ಪತ್ರ ಕೊಡಲಾಗದು. ಬಾಂಬಿನ ಮಾತು ಬೇರೆ. ಅಣುಬಾಂಬು ಬಹು ಎತ್ತರದಲ್ಲಿ ಸಿಡಿದರೆ ಮೊದಲು ಕ್ಷಣಮಾತ್ರದ ವಿದ್ಯುತ್ ಹೊಡೆತ, ಹಿಂದೆಯೇ ಬಿರುಗಾಳಿಯಂಥದೇ ಕಾಂತದ ನಡುಕ. 1962ರ ಜುಲೈಯಲ್ಲಿ ಅಮೆರಿಕ ಪೆಸಿಫಿಕ್ ಸಾಗರದ ಜಾನ್‌ಸ್ಟನ್ ದ್ವೀಪದ ಮೇಲೆ, 400 ಕಿಲೋಮೀಟರ್ ಎತ್ತರದಲ್ಲಿ ಒಂದನ್ನು ಸಿಡಿಸಿತು. ಸುಮಾರು 1,400 ಕಿಲೋಮೀಟರ್ ದೂರದ ಹೊನೊಲುಲುವಿನಲ್ಲಿ ಬೀದಿದೀಪಗಳು ಆರಿದವು, ಕಳ್ಳರಿಲ್ಲದೆ ಕಳ್ಳಗಂಟೆಗಳು ಬಾರಿಸಿದವು. ರಷ್ಯವೇನು ಹಿಂದೆ ಬಿತ್ತೆ? ಅದೇ ಅಕ್ಟೋಬರಿನಲ್ಲಿ ಕಜಾಕಸ್ತಾನದ ಮೇಲೆ ಸಿಡಿಸಿ ತನ್ನದೇ ಟೆಲಿಫೋನ್ ತಂತಿಗಳನ್ನು ಕೆಡಿಸಿಕೊಂಡಿತು. 1963ರಲ್ಲಿ ಇಬ್ಬರೂ ಬ್ರಿಟನ್ನಿನೊಡನೆ ಕೂತು, ಗಾಳಿಯಲ್ಲಿ, ಆಕಾಶದಲ್ಲಿ, ನೀರಿನೊಳಗೆ ಪರೀಕ್ಷೆ ಬೇಡವೆಂದು ರುಜು ಹಾಕಿದರು. ಬಾಂಬುಗಳು ಮಾತ್ರ ಉಗ್ರಾಣದಲ್ಲಿ ಹಾಗೆಯೇ ಇವೆ.

ಕರೆಂಟು ಸೂರ್ಯನಿಂದ ಹೋಗಲಿ, ಬಾಂಬಿನಿಂದ ಹೋಗಲಿ, ಏಳನೇ ಮಾಳಿಗೆಗೆ ನೀರು ಹೊರುವವರು ನಾವು. ಯಂತ್ರ ನಿಂತ ಪಾಳಿಯ ಪಗಾರ ಮುರಿಯುವುದು ನಮ್ಮದು. ಹಾಗೆ ಮುರಿಯಬಾರದೆಂಬ ಮಾತನ್ನು ಈ ಸಲದ ಬೇಡಿಕೆಗಳಲ್ಲಿ ಸೇರಿಸಿದ್ದೇವೆ. ಕರಡು ಮೇಜಿನ ಮೇಲಿದೆ. ಓದಿ, ಸಹಿ ಮಾಡಿ ಹೋಗಿರಿ.