ವಂಶವಾಹಿ, ಆಹಾರ ಮತ್ತು ಒಂದು ಪುಟ್ಟ ನೊಣ

(ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ತಾಳವಾಡಿ ಬೆಟ್ಟಸೀಮೆಯ ಮನೆಗಳಲ್ಲಿಯೂ ಇಂದು ಸಕ್ಕರೆ ಕಾಯಿಲೆಯ ಮಾತು ಅಪರೂಪವಲ್ಲ. ‘ವಂಶದಲ್ಲೇ ಬಂದದ್ದು, ಏನು ಮಾಡಲಾದೀತು?’ ಎಂಬ ನಿಟ್ಟುಸಿರನ್ನು ನಾವೆಲ್ಲರೂ ಕೇಳಿದ್ದೇವೆ. ಈ ಮಾತು ಎಷ್ಟರಮಟ್ಟಿಗೆ ನಿಜ? ಮಾಗಿದ ಬಾಳೆಹಣ್ಣಿಗೆ ಮುತ್ತುವ ಪುಟ್ಟ ನೊಣವೊಂದು ಇದಕ್ಕೆ ಉತ್ತರ ಹೇಳಬಲ್ಲದು. ವಿಜ್ಞಾನಿಗಳು ಅದನ್ನು ಡ್ರೊಸೊಫಿಲ ಎಂದು ಕರೆಯುತ್ತಾರೆ.

ಈ ನೊಣದ ಅಧ್ಯಯನ ನಮಗೆ ದೂರದ್ದಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲ ತಳಿಗಳ ಸಂಗ್ರಹ ಕೇಂದ್ರವೇ ಇದೆ. ರವೆ, ಬೆಲ್ಲ ಮತ್ತು ಅಗರ್ ಸೇರಿಸಿ ಬೇಯಿಸಿದ ಆಹಾರವನ್ನು ನೀಡಿ ಅಲ್ಲಿ ನೊಣಗಳನ್ನು ಸಾಕುತ್ತಾರೆ.

ಇನ್ಸುಲಿನ್ ನಮ್ಮಲ್ಲಿ ಮೇದೋಜೀರಕ ಗ್ರಂಥಿಯಲ್ಲಿ ಉತ್ಪತ್ತಿಯಾಗುತ್ತದೆ. ಅದನ್ನು ಹೋಲುವ ವಸ್ತುವನ್ನು ನೊಣದಲ್ಲಿ ಮಿದುಳಿನ ಸುಮಾರು 14 ಜೀವಕೋಶಗಳು ಸ್ರವಿಸುತ್ತವೆ. ಆ ಕೋಶಗಳನ್ನು ನಾಶಪಡಿಸಿದರೆ ಮರಿಹುಳುಗಳ ಬೆಳವಣಿಗೆ ಕುಂಠಿತವಾಗಿ, ರಕ್ತದಲ್ಲಿ ಸಕ್ಕರೆ ಏರುತ್ತದೆಂದು 2002ರಲ್ಲಿ ತಿಳಿದುಬಂದಿತು. ಇನ್ಸುಲಿನ್ನಿನ ಸಂದೇಶವನ್ನು ಕೋಶದೊಳಗೆ ದಾಟಿಸುವ ವಂಶವಾಹಿಯೊಂದರ ಹೆಸರು ‘ಚಿಕೊ’. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ಪುಟ್ಟ ಹುಡುಗ. ಆ ವಂಶವಾಹಿ ಕೆಟ್ಟರೆ ನೊಣ ಕುಬ್ಜವಾಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಗೈತಿ ಹಸನ್ ಅವರ ತಂಡವು ಮತ್ತೊಂದು ವಂಶವಾಹಿಯ ದೋಷದಿಂದ ನೊಣಗಳು ಅತಿಯಾಗಿ ತಿಂದು ಕೊಬ್ಬುವುದನ್ನು 2013ರಲ್ಲಿ ಪ್ರಕಟಿಸಿತು. ಆದುದರಿಂದ ವಂಶದ ಪಾತ್ರವನ್ನು ನಾವು ಅಲ್ಲಗಳೆಯುವಂತಿಲ್ಲ.

ಆದರೆ ವಂಶವಾಹಿಗಳು ಆಹಾರದ ಸ್ಥಿತಿಗೆ ಓಗೊಡುತ್ತವೆ. ಉಪವಾಸದಲ್ಲಿ ಇನ್ಸುಲಿನ್ ತಗ್ಗಿದಾಗ ‘ಫಾಕ್ಸೊ’ ಎಂಬ ಪ್ರೋಟೀನು ಕೋಶಕೇಂದ್ರವನ್ನು ಪ್ರವೇಶಿಸಿ, ಬೆಳವಣಿಗೆಯನ್ನು ತಡೆದು ಕೂಡಿಟ್ಟ ಕೊಬ್ಬನ್ನು ಬಳಸುವ ವಂಶವಾಹಿಗಳನ್ನು ಎಚ್ಚರಿಸುತ್ತದೆ. ಉಂಡಾಗ ಇನ್ಸುಲಿನ್ ಹೆಚ್ಚಿ, ಫಾಕ್ಸೊ ಹೊರಗುಳಿಯುತ್ತದೆ. 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಯಾವ ವಂಶದೋಷವೂ ಇಲ್ಲದ ಮರಿಹುಳುಗಳಿಗೆ ಅತಿಯಾದ ಸಕ್ಕರೆಯನ್ನು ತಿನ್ನಿಸಲಾಯಿತು. ಅವುಗಳ ರಕ್ತದಲ್ಲಿ ಸಕ್ಕರೆ ಏರಿತು, ಕೊಬ್ಬು ಹೆಚ್ಚಿತು, ದೇಹವು ಇನ್ಸುಲಿನ್ನಿಗೆ ಸ್ಪಂದಿಸುವುದು ಕುಗ್ಗಿತು. ವಂಶ ನೆಟ್ಟಗಿದ್ದರೂ ಊಟ ಕೆಡಿಸಿತು.

ನೊಣ ಮನುಷ್ಯನಲ್ಲ; ಅದರಿಂದ ಔಷಧದ ಚೀಟಿ ಬರೆಯಲಾಗದು. ಎಳೆಯ ಮಕ್ಕಳಿಗೆ ಬರುವ ಮಧುಮೇಹವು ಬಹುಮಟ್ಟಿಗೆ ಬೇರೆ ಬಗೆಯದು. ಅದಕ್ಕೆ ಇನ್ಸುಲಿನ್ ಚುಚ್ಚುಮದ್ದು ಬೇಕೇ ಬೇಕು, ಅದು ತಿಂಡಿಯ ತಪ್ಪಿನ ಫಲವಲ್ಲ. ಕಾಯಿಲೆ ಬಂದವರನ್ನು ದೂರುವುದು ನಮ್ಮ ಉದ್ದೇಶವಲ್ಲ. ವಂಶವನ್ನು ನಾವು ಆರಿಸಿಕೊಳ್ಳಲಾರೆವು. ಮಕ್ಕಳ ತಟ್ಟೆಗೆ ಬಡಿಸುವುದನ್ನು ಬಹುಮಟ್ಟಿಗೆ ಆರಿಸಿಕೊಳ್ಳಬಲ್ಲೆವು ಎಂಬುದಷ್ಟೇ ನಮ್ಮ ಅರಿಕೆ. ಬುತ್ತಿಯಲ್ಲಿ ರಾಗಿಯೂ ಕಾಳೂ ಸೊಪ್ಪೂ ಇರಲಿ. ಸಿಹಿ ಪಾನೀಯ ದಿನನಿತ್ಯದ್ದಾಗದಿರಲಿ.

ಮತ್ತೊಂದು ಮಾತು. ಇಷ್ಟು ಹೊತ್ತು ನಾವು ಆಡಿದ್ದು ಕನ್ನಡದಲ್ಲಿಯೇ. ಈ ಶಾಲೆಯ ಮಕ್ಕಳು ಈ ವಿಜ್ಞಾನವನ್ನು ತಮ್ಮ ಭಾಷೆಯಲ್ಲಿ ಅರಿತು, ಮನೆಗೆ ಹೋಗಿ ಅಜ್ಜಿಗೂ ತಿಳಿಹೇಳುವಂತಾದರೆ ನೂರು ವರ್ಷಗಳ ಪಾಠ ಸಾರ್ಥಕವಾಯಿತೆಂದು ನಾವು ಭಾವಿಸುತ್ತೇವೆ.