ಕೊರ್ದೋಬಾದಲ್ಲಿ ಮದುವೆಯ ಊಟ, ಊರಿನ ನೋಟ



ಸ್ಪೇನ್ ದೇಶದ ದಕ್ಷಿಣಕ್ಕೆ ಆಂದಲೂಸಿಯಾ ಎಂಬ ಪ್ರಾಂತವಿದೆ. ಅಲ್ಲಿ ಗ್ವಾದಲ್‌ಕಿವಿರ್ ನದಿಯ ದಂಡೆಯ ಮೇಲಿರುವ ಪುರಾತನ ನಗರ ಕೊರ್ದೋಬಾ. ಆ ಊರಿನಲ್ಲಿ ನಿಮ್ಮ ಪರಿಚಿತರೊಬ್ಬರ ಮದುವೆ ನಿಶ್ಚಯವಾಗಿದೆ, ನಿಮಗೂ ಕರೆಯೋಲೆ ಬಂದಿದೆ ಎಂದು ಭಾವಿಸಿಕೊಳ್ಳಿ. ಓದಿಗೆಂದು, ಕೆಲಸಕ್ಕೆಂದು ನಮ್ಮ ತರುಣರು ಯುರೋಪಿಗೆ ಹೋಗುತ್ತಿರುವ ಈ ಕಾಲದಲ್ಲಿ ಇದು ಅಸಂಭವವೇನಲ್ಲ. ನಿಮ್ಮ ಕೈಯಲ್ಲಿರುವುದು ಮೂರು ದಿನ. ಅದರಲ್ಲಿ ಒಂದು ದಿನ ಪೂರ್ತಿ ಮದುವೆಗೆ ಮೀಸಲು. ಉಳಿದ ಎರಡು ದಿನಗಳಲ್ಲಿ ಏನನ್ನು ನೋಡಬೇಕು, ಏನನ್ನು ತಿನ್ನಬೇಕು? ಇದೇ ಇಂದಿನ ಮಾತಿನ ವಿಷಯ.

ಕೊರ್ದೋಬಾದಲ್ಲಿ ರೋಮನ್ನರು ಕಟ್ಟಿದರು. ಅವರ ನಂತರ ವಿಸಿಗಾತರು, ಅನಂತರ ಅರಬರು, ಕೊನೆಗೆ ಕ್ರೈಸ್ತ ಅರಸರು. ಒಬ್ಬರು ಕಟ್ಟಿದ್ದರ ಮೇಲೆ ಇನ್ನೊಬ್ಬರು ಕಟ್ಟುತ್ತ ಹೋದರು. ಆದ್ದರಿಂದ ಅಲ್ಲಿ ಯಾವುದನ್ನು ನೋಡಿದರೂ, ಯಾವುದನ್ನು ತಿಂದರೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ: ಇದರ ಕೆಳಗೆ ಏನಿದೆ? ಇದನ್ನು ಇಲ್ಲಿಗೆ ತಂದವರು ಯಾರು? ಅವರು ಏನಾದರು? ಈ ಮೂರು ಪ್ರಶ್ನೆಗಳು ಜೊತೆಗಿದ್ದರೆ ಎರಡು ದಿನ ಕಡಿಮೆಯೆನಿಸುವುದಿಲ್ಲ.

ಮೊದಲು ಗಡಿಯಾರದ ವಿಚಾರ. ಮ್ಯಾಡ್ರಿಡ್‌ನಿಂದ ಕೊರ್ದೋಬಾಗೆ 1992ರಿಂದ ಅತಿವೇಗದ ರೈಲು ಓಡುತ್ತಿದೆ. ಎರಡು ಗಂಟೆಯೊಳಗೆ ತಲುಪಬಹುದು. ಆದರೆ ಊರನ್ನು ತಲುಪಿದ ಮೇಲೆ ಅವಸರ ಸಲ್ಲದು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅಲ್ಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಮಧ್ಯಾಹ್ನ ಎರಡರಿಂದ ಐದರವರೆಗೆ ಅನೇಕ ಅಂಗಡಿಗಳು ಮುಚ್ಚಿರುತ್ತವೆ. ಮಧ್ಯಾಹ್ನದ ಊಟ ಎರಡು ಗಂಟೆಯ ನಂತರ, ರಾತ್ರಿಯ ಊಟ ಒಂಬತ್ತರ ನಂತರ. ಏಳು ಗಂಟೆಗೇ ಊಟಕ್ಕೆ ಹೋದರೆ ಒಲೆ ಹೊತ್ತಿರುವುದಿಲ್ಲ! ಬೆಳಿಗ್ಗೆ ಬೇಗ ಎದ್ದು ನೋಡಿ, ಮಧ್ಯಾಹ್ನ ವಿಶ್ರಮಿಸಿ, ಸಂಜೆ ಮತ್ತೆ ಹೊರಡಿ.

ಮೊದಲ ಬೆಳಗನ್ನು ಮೆಸ್ಕೀತಾಗೆ ಮೀಸಲಿಡಿ. ಸ್ಪ್ಯಾನಿಷ್ ಭಾಷೆಯಲ್ಲಿ ಮೆಸ್ಕೀತಾ ಎಂದರೆ ಮಸೀದಿ. ಎಂಟನೆಯ ಶತಮಾನದ ಕೊನೆಯಲ್ಲಿ ಒಂದನೆಯ ಅಬ್ದುಲ್ ರಹಮಾನ್ ಇದನ್ನು ಆರಂಭಿಸಿದನು. ಮುಂದಿನ ಇನ್ನೂರು ವರ್ಷಗಳಲ್ಲಿ ಬಂದವರು ಅದನ್ನು ವಿಸ್ತರಿಸಿದರು. ಒಳಗೆ ಹೆಜ್ಜೆ ಇಟ್ಟೊಡನೆ ಕಂಬಗಳ ಕಾಡು ಎದುರಾಗುತ್ತದೆ. ಇಂದು ಉಳಿದಿರುವ ಕಂಬಗಳೇ 856. ಅವುಗಳನ್ನು ಹತ್ತಿರದಿಂದ ನೋಡಿ. ಹಳೆಯ ಭಾಗದ ಅನೇಕ ಕಂಬಗಳು ರೋಮನ್ ಮತ್ತು ವಿಸಿಗಾತರ ಕಟ್ಟಡಗಳಿಂದ ತಂದವು; ಆದುದರಿಂದ ಒಂದರಂತೆ ಇನ್ನೊಂದಿಲ್ಲ. ಆ ಗಿಡ್ಡ ಕಂಬಗಳ ಮೇಲೆ ಎತ್ತರದ ಚಾವಣಿಯನ್ನು ನಿಲ್ಲಿಸುವುದು ಹೇಗೆ? ಶಿಲ್ಪಿಗಳು ಒಂದು ಕಮಾನಿನ ಮೇಲೆ ಇನ್ನೊಂದು ಕಮಾನನ್ನು ಏರಿಸಿದರು. ಕೆಂಪು ಇಟ್ಟಿಗೆ, ಬಿಳಿ ಕಲ್ಲು ಸರದಿಯಾಗಿ ಬರುವ ಆ ಜೋಡಿ ಕಮಾನುಗಳು ಕೊರತೆಯಿಂದ ಹುಟ್ಟಿದ ಸೌಂದರ್ಯ. ಪೂರ್ವ ದಿಕ್ಕಿನ ಕೊನೆಯ ವಿಸ್ತರಣೆಯಲ್ಲಿ ಮಾತ್ರ ಕಮಾನುಗಳು ಪೂರ್ತಿ ಕಲ್ಲಿನವು. ಅಲ್ಲಿ ಕೆಂಪು ಬರೀ ಬಣ್ಣ. ಈ ವ್ಯತ್ಯಾಸವನ್ನು ನೀವೇ ಹುಡುಕಿ ನೋಡಿ.

1236ರಲ್ಲಿ ಮೂರನೆಯ ಫರ್ಡಿನೆಂಡ್ ಊರನ್ನು ಗೆದ್ದನು. ಮಸೀದಿ ಕ್ರೈಸ್ತ ದೇವಾಲಯವಾಯಿತು. ಆದರೆ ಕಟ್ಟಡ ಬಹುಮಟ್ಟಿಗೆ ಹಾಗೆಯೇ ಉಳಿಯಿತು. 1523ರಲ್ಲಿ ಬಿಷಪ್ಪರು ಅದರ ನಡುವೆಯೇ ದೊಡ್ಡ ಕೆಥೆಡ್ರಲ್ ಎಬ್ಬಿಸಲು ಹೊರಟಾಗ ಒಂದು ವಿಶೇಷ ಸಂಗತಿ ನಡೆಯಿತು. ನಗರಸಭೆಯವರು, ಅಂದರೆ ಕ್ರೈಸ್ತರೇ, ಅದನ್ನು ವಿರೋಧಿಸಿದರು. ಅರಸನ ತೀರ್ಮಾನ ಬರುವವರೆಗೆ ಹಳೆಯ ಕಟ್ಟಡಕ್ಕೆ ಕೈಹಚ್ಚಿದ ಕೆಲಸಗಾರನಿಗೆ ಮರಣದಂಡನೆ ಎಂದು ಡಂಗುರ ಸಾರಿಸಿದರು. ಅರಸ ಐದನೆಯ ಚಾರ್ಲ್ಸ್ ಬಿಷಪ್ಪರ ಪಕ್ಷ ವಹಿಸಿದನು, ಕೆಥೆಡ್ರಲ್ ಎದ್ದಿತು. ಮುಂದೆ ಅದನ್ನು ಕಣ್ಣಾರೆ ಕಂಡಾಗ ಅರಸನೇ ಪಶ್ಚಾತ್ತಾಪಪಟ್ಟನೆಂಬ ಐತಿಹ್ಯವಿದೆ. ಅದು ನಿಜವೋ ಕಟ್ಟುಕಥೆಯೋ, ನಗರಸಭೆಯ ವಿರೋಧವಂತೂ ನಿಜ. ತಮ್ಮ ಧರ್ಮದ್ದಲ್ಲದ ಕಟ್ಟಡವನ್ನೂ ತಮ್ಮ ಊರಿನ ಕಟ್ಟಡವೆಂದು ಕಾಪಾಡಲು ನಿಂತವರು ಆಗಲೂ ಇದ್ದರು ಎಂಬುದನ್ನು ನೀವು ನೆನಪಿನಲ್ಲಿಡಬೇಕು. ಇಂದಿಗೂ ಅದು ಪೂಜೆ ನಡೆಯುವ ಕೆಥೆಡ್ರಲ್. ಆದ್ದರಿಂದ ಪ್ರವೇಶದ ವೇಳೆಯನ್ನು ಮೊದಲೇ ವಿಚಾರಿಸಿ. ಒಳಗೆ ಮೆಲುದನಿಯಲ್ಲಿ ಮಾತನಾಡಿ. ಹೊರಗೆ ಬಂದ ಮೇಲೆ ಗಂಟೆಗೋಪುರವನ್ನು ನೋಡಲು ಮರೆಯಬೇಡಿ. ಹಳೆಯ ಮಿನಾರು ಅದರ ಒಡಲಿನೊಳಗೇ ಇದೆ.

ಅಲ್ಲಿಂದ ಕೆಲವೇ ಹೆಜ್ಜೆಗಳ ದೂರದಲ್ಲಿ ಹಿಂದಿನ ಯಹೂದಿ ಕೇರಿ. ಸುಣ್ಣ ಬಳಿದ ಗೋಡೆಗಳು, ಇಬ್ಬರು ಒಟ್ಟಿಗೆ ನಡೆಯಲು ಕಷ್ಟವಾದ ಓಣಿಗಳು. 1315ರಲ್ಲಿ ಕಟ್ಟಿದ ಪುಟ್ಟ ಸಿನಗಾಗ್, ಎಂದರೆ ಯಹೂದಿಯರ ಪ್ರಾರ್ಥನಾ ಮಂದಿರ, ಅಲ್ಲಿದೆ. 1492ರಲ್ಲಿ ಯಹೂದಿಯರನ್ನು ದೇಶದಿಂದ ಹೊರಗಟ್ಟಿದ ಮೇಲೆ ಅದು ಹುಚ್ಚುನಾಯಿ ಕಡಿತದ ರೋಗಿಗಳ ಆಸ್ಪತ್ರೆಯಾಯಿತು. ಅನಂತರ ಚಮ್ಮಾರರ ಸಂಘದ ಪೂಜಾಸ್ಥಳವಾಯಿತು. ಮುಸ್ಲಿಂ ಮೂಲದವರನ್ನು 1609ರಿಂದ 1614ರ ನಡುವೆ ಹೊರಗಟ್ಟಲಾಯಿತು. ಈ ಕೇರಿಯಲ್ಲೇ ಒಂದು ಕಡೆ ಮೈಮೊನೈಡಿಸ್ ಎಂಬ ಯಹೂದಿ ವಿದ್ವಾಂಸನ ವಿಗ್ರಹವಿದೆ. ಹಳೆಯ ಕೋಟೆಗೋಡೆಯ ಬಳಿ ಅರಿಸ್ಟಾಟಲನ ಕೃತಿಗಳಿಗೆ ವ್ಯಾಖ್ಯಾನ ಬರೆದ ಇಬ್ನ್ ರುಷ್ದನ ವಿಗ್ರಹವಿದೆ. ಇಬ್ಬರೂ ಹನ್ನೆರಡನೆಯ ಶತಮಾನದಲ್ಲಿ ಇದೇ ಊರಿನಲ್ಲಿ ಹುಟ್ಟಿದವರು. ಮೈಮೊನೈಡಿಸನ ಕುಟುಂಬ ಮತಪೀಡನೆಗೆ ಅಂಜಿ ಊರು ಬಿಟ್ಟಿತು. ಅವನು ಈಜಿಪ್ಟಿನಲ್ಲಿ ತೀರಿಕೊಂಡನು. ಇಬ್ನ್ ರುಷ್ದ 1195ರಲ್ಲಿ ಗಡೀಪಾರಾದನು. ಇಂದು ಪ್ರವಾಸಿಗಳು ಆ ವಿಗ್ರಹಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನೀವೂ ತೆಗೆಸಿಕೊಳ್ಳಿ, ಆದರೆ ಮೂರನೆಯ ಪ್ರಶ್ನೆಯನ್ನು ಕೇಳಿಕೊಂಡ ಮೇಲೆ.

ಇನ್ನು ಊಟದ ವಿಷಯಕ್ಕೆ ಬರೋಣ. ಕೊರ್ದೋಬಾದ ಹೆಸರಾಂತ ತಿನಿಸು ಸಾಲ್ಮೊರೆಹೊ. ಟೊಮ್ಯಾಟೊ, ಹಳೆಯ ಬ್ರೆಡ್ಡು, ಬೆಳ್ಳುಳ್ಳಿ, ಆಲಿವ್ ಎಣ್ಣೆ ಇವನ್ನು ನುಣ್ಣಗೆ ಅರೆದು ತಣ್ಣಗೆ ಬಡಿಸುತ್ತಾರೆ. ಬಿಸಿಲಿನ ಊರಿಗೆ ಹೇಳಿ ಮಾಡಿಸಿದ್ದು. ಮೇಲೆ ಬೇಯಿಸಿದ ಮೊಟ್ಟೆ ಹಾಗೂ ಹಾಮೋನ್, ಅಂದರೆ ಒಣಗಿಸಿದ ಹಂದಿಮಾಂಸದ ಚೂರುಗಳನ್ನು ಉದುರಿಸುವುದು ರೂಢಿ. ಸಸ್ಯಾಹಾರಿಗಳು 'ಸಿನ್ ಹಾಮೋನ್, ಸಿನ್ ವೇವೊ', ಹಾಮೋನ್ ಬೇಡ, ಮೊಟ್ಟೆ ಬೇಡ, ಎಂದು ಮೊದಲೇ ಹೇಳಿಬಿಡಬೇಕು. ಇನ್ನೊಂದು ತಿನಿಸು ಬದನೆಕಾಯಿಯದು. ತೆಳ್ಳಗೆ ಹೆಚ್ಚಿ, ಹಿಟ್ಟಿನಲ್ಲಿ ಹೊರಳಿಸಿ, ಎಣ್ಣೆಯಲ್ಲಿ ಕರಿದು, ಮೇಲೆ ಜೇನನ್ನೋ ಕಬ್ಬಿನ ಪಾಕವನ್ನೋ ಸುರಿಯುತ್ತಾರೆ. ಆಲೂಗಡ್ಡೆ, ಮೊಟ್ಟೆಯ ದಪ್ಪನೆಯ ತೋರ್ತೀಯಾ ಕೂಡ ಹೊಟ್ಟೆ ತುಂಬಿಸುತ್ತದೆ. ಮಾಂಸಾಹಾರಿಗಳಿಗೆ ಎತ್ತಿನ ಬಾಲವನ್ನು ನಿಧಾನವಾಗಿ ಬೇಯಿಸಿದ ಖಾದ್ಯವುಂಟು. ಹೋಟೆಲಿನಲ್ಲಿ ನೀವು ಕೇಳುವವರೆಗೆ ಬಿಲ್ಲು ತಂದಿಡುವುದಿಲ್ಲ. ಅದು ಅಲಕ್ಷ್ಯವಲ್ಲ, ನಿಧಾನವಾಗಿ ಕುಳಿತಿರಿ ಎಂಬ ಮರ್ಯಾದೆ.

ಈ ತಟ್ಟೆಗೂ ನಮ್ಮ ಮೂರು ಪ್ರಶ್ನೆಗಳನ್ನು ಹಾಕೋಣ. ಟೊಮ್ಯಾಟೊ, ಆಲೂಗಡ್ಡೆ ಅಮೆರಿಕ ಖಂಡದವು. ಇದೇ ಊರಿನ ಅಲ್ಕಾಸರ್ ಎಂಬ ಕೋಟೆಯರಮನೆಯಲ್ಲಿ 1486ರಲ್ಲಿ ಕೊಲಂಬಸ್ ರಾಣಿ ಇಸಬೆಲ್ಲಾ ಮತ್ತು ದೊರೆ ಫರ್ಡಿನೆಂಡರನ್ನು ಕಂಡು ಸಹಾಯ ಬೇಡಿದ್ದನು. ಅವನ ಯಾನವಾದ ಮೇಲೆಯೇ ಸಾಲ್ಮೊರೆಹೊಗೆ ಕೆಂಪು ಬಣ್ಣ ಬಂದದ್ದು. ಬದನೆ, ಕಬ್ಬು, ಕಿತ್ತಳೆ ಬಂದದ್ದು ಪೂರ್ವದಿಂದ, ತಂದವರು ಅರಬರು. ಹೆಸರುಗಳೇ ಇದಕ್ಕೆ ಸಾಕ್ಷಿ. ಸಕ್ಕರೆಗೆ ಸ್ಪ್ಯಾನಿಷ್‌ನಲ್ಲಿ ಅಸೂಕರ್. ಸಂಸ್ಕೃತದ ಶರ್ಕರ ಪದವೇ ಪರ್ಷಿಯನ್, ಅರಬ್ಬಿಗಳ ಮೂಲಕ ಅಲ್ಲಿಗೆ ನಡೆದುಹೋಯಿತು. ಕಿತ್ತಳೆಗೆ ನರಾಂಹಾ, ನಮ್ಮ ನಾರಂಗಿಯ ನೆಂಟ. ಮಸೀದಿಯ ಅಂಗಳದ ತುಂಬ ಇಂದಿಗೂ ಆ ನಾರಂಗಿ ಮರಗಳೇ. ತಂದ ಜನರನ್ನು ಹೊರಗಟ್ಟಿದರೂ ಅವರ ಮಾತು, ಮರ, ರುಚಿ ಊರು ಬಿಟ್ಟು ಹೋಗಲಿಲ್ಲ.

ಮದುವೆಯ ದಿನ ಬೇರೇನನ್ನೂ ನೋಡುವ ಯೋಜನೆ ಹಾಕಬೇಡಿ. ವರನನ್ನು ಸಾಮಾನ್ಯವಾಗಿ ತಾಯಿ, ವಧುವನ್ನು ತಂದೆ ಚರ್ಚಿನೊಳಗೆ ಕರೆತರುತ್ತಾರೆ. ವಧೂವರರ ನಡುವೆ ಹದಿಮೂರು ನಾಣ್ಯಗಳು ಕೈಬದಲಾಗುತ್ತವೆ. ಅವರು ಹೊರಗೆ ಬರುವಾಗ ಎಲ್ಲರೂ ಅಕ್ಕಿ ಎರಚುತ್ತಾರೆ. ಅಕ್ಷತೆ ಕಂಡು ಬೆಳೆದ ನಿಮಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ನಮ್ಮ ಮುಯ್ಯಿಯಂತೆ ಹಣವನ್ನೇ ಕಾಣಿಕೆಯಾಗಿ ಕೊಡುವುದು ಅಲ್ಲಿಯೂ ರೂಢಿ. ಬಿಳಿಯ ಉಡುಪು ವಧುವಿಗೆ ಮೀಸಲು, ಅದೊಂದನ್ನು ತಪ್ಪಿಸಿ. ಊಟ, ಹಾಡು, ಕುಣಿತ ತಡರಾತ್ರಿಯವರೆಗೆ ಸಾಗುತ್ತವೆ. ಪ್ರವಾಸಿಗೆ ದೊರೆಯದ ಒಂದು ಭಾಗ್ಯ ಆ ದಿನ ನಿಮ್ಮದಾಗಿರುತ್ತದೆ: ಒಂದು ಮನೆಯವರ ಜೊತೆ ಕೂರುವ ಭಾಗ್ಯ. ಪಕ್ಕದಲ್ಲಿ ಕುಳಿತ ಹಿರಿಯರನ್ನು ಅವರ ಮನೆಯ ಅಡುಗೆಯ ಬಗೆಗೆ ಕೇಳಿ. ಯಾವ ಮಾರ್ಗದರ್ಶಿ ಪುಸ್ತಕವೂ ಹೇಳದ ವಿಷಯ ಅವರಿಂದ ತಿಳಿದೀತು.

ಕೊನೆಯ ದಿನ, ಸಮಯವಿದ್ದರೆ, ನಗರದ ಪಶ್ಚಿಮಕ್ಕೆ ಸುಮಾರು ಎಂಟು ಕಿಲೋಮೀಟರ್ ದೂರದ ಮದೀನಾ ಅಸಾರಾಗೆ ಹೋಗಿ. 936ರ ಸುಮಾರಿಗೆ ಖಲೀಫನೊಬ್ಬ ಕಟ್ಟಲಾರಂಭಿಸಿದ ಆ ಅರಮನೆ ನಗರ ನೂರು ವರ್ಷ ತುಂಬುವ ಮೊದಲೇ ಅಂತರ್ಯುದ್ಧದಲ್ಲಿ ಹಾಳಾಯಿತು. ಮೇ ತಿಂಗಳಾಗಿದ್ದರೆ ಮಾತ್ರ ಊರೊಳಗೇ ಉಳಿಯಿರಿ. ಆಗ ಮನೆಯವರು ತಮ್ಮ ಒಳಅಂಗಳಗಳನ್ನು ಹೂಕುಂಡಗಳಿಂದ ಸಿಂಗರಿಸಿ ಎಲ್ಲರಿಗೂ ತೆರೆದಿಡುತ್ತಾರೆ. ಎತ್ತರದ ಕುಂಡಗಳಿಗೆ ಉದ್ದನೆಯ ಬೆತ್ತದ ತುದಿಗೆ ಡಬ್ಬಿ ಕಟ್ಟಿ ನೀರೆರೆಯುತ್ತಾರೆ. 2012ರಲ್ಲಿ ಯುನೆಸ್ಕೊ ಈ ಹಬ್ಬವನ್ನು ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಆದರೆ ಅವು ವಸ್ತುಸಂಗ್ರಹಾಲಯಗಳಲ್ಲ, ಜನ ವಾಸಿಸುವ ಮನೆಗಳು. ಹೊಸ್ತಿಲು ದಾಟುವಾಗ ನಮಸ್ಕರಿಸಿ, ಹೊರಡುವಾಗ 'ಗ್ರಾಸಿಯಾಸ್' ಎಂದು ಹೇಳಿ.

ಸಂಜೆ ಹದಿನಾರು ಕಮಾನುಗಳ ರೋಮನ್ ಸೇತುವೆಯ ಮೇಲೆ ನಡೆಯಿರಿ. 2004ರಿಂದ ಅದರ ಮೇಲೆ ವಾಹನಗಳಿಲ್ಲ. ಕೆಳಗೆ ಹರಿಯುವ ಗ್ವಾದಲ್‌ಕಿವಿರ್‌ನ ಹೆಸರು ಅರಬ್ಬಿಯದು. ಮಹಾನದಿ ಎಂದು ಅದರ ಅರ್ಥ. ರೋಮನ್ನರ ಸೇತುವೆ, ಅರಬರ ಹೆಸರು, ಎದುರಿಗೆ ಮಿನಾರನ್ನು ಒಡಲಲ್ಲಿಟ್ಟುಕೊಂಡ ಗಂಟೆಗೋಪುರ, ಎಲ್ಲವೂ ಒಂದೇ ನೋಟದಲ್ಲಿ ಸಿಗುತ್ತವೆ. ಹೀಗೆ ನೋಡುವುದನ್ನು ಕಲಿತವರಿಗೆ ಯಾವ ಹಳೆಯ ಊರೂ ಬರಿಯ ಕಲ್ಲಿನ ರಾಶಿಯಾಗಿ ಕಾಣದು.